ಗುಜರಿ ಉಕ್ಕಿನಿಂದ ಲೇತ್ ಉಳಿ: ಮನೆಯಲ್ಲೇ ಮಾಡಿಕೊಳ್ಳುವ ಬಗೆ

ಮರ ಕಡೆಯುವ ಲೇತ್ ಕೊಂಡವರಿಗೆ ಮುಂದಿನ ಖರ್ಚು ಉಳಿಗಳದ್ದು. ಲೇತ್‌ಗೆ ಒಂದು ಸಲ ದುಡ್ಡು ಹಾಕಿದರೆ ಮುಗಿಯಿತು. ಉಳಿ ಹಾಗಲ್ಲ. ಒರಟಾಗಿ ಉರುಟು ಮಾಡಲು ಒಂದು, ನಯ ಮಾಡಲು ಒಂದು, ತುಂಡರಿಸಲು ಒಂದು, ಒಳಗೆ ತೋಡಲು ಇನ್ನೊಂದು. ಹೊರದೇಶದ ಒಳ್ಳೆ ಉಳಿ ಒಂದೊಂದಕ್ಕೂ ಸಾವಿರಗಟ್ಟಲೆ ಕೊಡಬೇಕು. ಅಗ್ಗದ ಸೆಟ್ ತಂದರೆ ಐದು ನಿಮಿಷಕ್ಕೆ ಬಾಯಿ ಮೊಂಡಾಗುತ್ತದೆ.

ಆದರೆ ಉಳಿಗೆ ಬೇಕಾದ ಉಕ್ಕು ಗುಜರಿ ಅಂಗಡಿಯಲ್ಲಿ ಕೆ.ಜಿ. ಲೆಕ್ಕದಲ್ಲಿ ಸಿಗುತ್ತದೆ. ಲಾರಿಯ ಕಮಾನ್ ಪಟ್ಟಿ, ಸವೆದ ಅರ, ವರ್ಕ್‌ಶಾಪ್‌ನವರು ಎಸೆದ ಗರಗಸದ ಬ್ಲೇಡು. ನನ್ನ ಲೇತ್ ಪಕ್ಕದ ಗೋಡೆಗೆ ತೂಗಿರುವ ಉಳಿಗಳಲ್ಲಿ ಮುಕ್ಕಾಲು ಪಾಲು ಹೀಗೆ ಮಾಡಿಕೊಂಡವೇ. ದಿನವೂ ಅವುಗಳಲ್ಲೇ ಕೆಲಸ.

ಶುರು ಮಾಡುವ ಮುಂಚೆ ಒಂದು ಘಟನೆ ಹೇಳಬೇಕು. ಮೊದಲ ವರ್ಷ ನಾನು ಒಂದು ಹಳೆ ಅರವನ್ನು ತೆಗೆದುಕೊಂಡು, ತುದಿಯನ್ನು ಸುಮ್ನೆ ಗ್ರೈಂಡರಿಗೆ ಹಿಡಿದು ದುಂಡಗೆ ಮಾಡಿ, ಹಿಡಿ ಹಾಕಿ ಹಲಸಿನ ಬಟ್ಟಲಿಗೆ ಹಚ್ಚಿದೆ. ಎರಡು ನಿಮಿಷ ಚೆನ್ನಾಗಿಯೇ ಹೆರೆಯಿತು. ಆಮೇಲೆ ಬಟ್ಟಲಿನ ಅಂಚು ಕಚ್ಚಿಕೊಂಡಿತು. ಅರ ಟೂಲ್ ರೆಸ್ಟ್ (ಉಳಿಯನ್ನು ಆನಿಸುವ ಲೇತ್‌ನ ಆಸರೆ) ಮೇಲೆ ಗಾಜಿನ ಹಾಗೆ ಟಪ್ ಅಂತ ಮುರಿಯಿತು. ಎರಡು ಇಂಚಿನ ತುಂಡು ಬಂದು ಮುಖದ ಶೀಲ್ಡಿಗೆ ಬಡಿಯಿತು. ಶೀಲ್ಡಿನಲ್ಲಿ ಆದ ಬಿರುಕು ಬಲಗಣ್ಣಿನ ಎದುರಿಗೇ ಇತ್ತು. ಆ ಶೀಲ್ಡನ್ನು ಇವತ್ತಿಗೂ ಎಸೆದಿಲ್ಲ.

ಉಕ್ಕು ಸಿಗುವುದು ಕಷ್ಟವಲ್ಲ. ಅದು ಯಾವ ಉಕ್ಕು ಅಂತ ಗುರುತಿಸುವುದು, ಅದಕ್ಕೆ ಸರಿಯಾದ ಹದ ಇಡುವುದು, ಅಂದರೆ ಕಾಯಿಸಿ ತಣಿಸಿ ಬೇಕಾದಷ್ಟೇ ಗಡುಸು ಬರಿಸುವುದು, ಇದೇ ನಿಜವಾದ ಕೆಲಸ. ಈ ಎರಡನ್ನು ಬಿಟ್ಟು ಬರೀ ಆಕಾರ ಕೊಟ್ಟರೆ ಉಳಿ ಒಂದೋ ಮೊಂಡಾಗುತ್ತದೆ, ಇಲ್ಲಾ ಮುರಿಯುತ್ತದೆ.

ಗುಜರಿಯಲ್ಲಿ ಏನು ಹುಡುಕಬೇಕು

ಬೆಂಗಳೂರಿನವರಿಗೆ ಪೀಣ್ಯದ ಸುತ್ತ, ಬೆಳಗಾವಿಯವರಿಗೆ ಉದ್ಯಮಬಾಗ್, ಹುಬ್ಬಳ್ಳಿಯವರಿಗೆ ಗೋಕುಲ ರಸ್ತೆ. ಮಶಿನ್ ಶಾಪ್ ಇರುವಲ್ಲೆಲ್ಲ ಒಳ್ಳೆ ಉಕ್ಕಿನ ಗುಜರಿ ಇರುತ್ತದೆ. ಸಣ್ಣ ಊರಲ್ಲಾದರೆ ಲಾರಿ ಗ್ಯಾರೇಜಿಗೆ ಹೋಗಿ. ಕಮಾನ್ ಕೆಲಸ ಮಾಡುವವರ ಹತ್ತಿರ ಮುರಿದ ಪಟ್ಟಿಗಳು ರಾಶಿ ಬಿದ್ದಿರುತ್ತವೆ.

ನನಗೆ ಜಾಸ್ತಿ ಉಪಯೋಗಕ್ಕೆ ಬಂದಿರುವುದು ನಾಲ್ಕು ಬಗೆ. ಮೊದಲನೆಯದು ಪವರ್ ಹ್ಯಾಕ್ಸಾ ಬ್ಲೇಡು. ಕೈ ಗರಗಸದ ತೆಳು ಬ್ಲೇಡಲ್ಲ, ಮಶಿನ್‌ಗೆ ಹಾಕುವ ದಪ್ಪ ಬ್ಲೇಡು. ಉದ್ದ 14 ಅಥವಾ 16 ಇಂಚು, ದಪ್ಪ ಸುಮಾರು 2 ಮಿ.ಮೀ. ಮೇಲೆ ಎಚ್‌ಎಸ್‌ಎಸ್ ಅಂತ ಅಚ್ಚು ಇರಬೇಕು. ಹೈ ಸ್ಪೀಡ್ ಸ್ಟೀಲ್ ಎಂದರೆ ಟಂಗ್‌ಸ್ಟನ್, ಮಾಲಿಬ್ಡಿನಮ್ ಸೇರಿದ ಉಕ್ಕು. ಗ್ರೈಂಡರಿನಲ್ಲಿ ನೀಲಿ ಬಣ್ಣಕ್ಕೆ ತಿರುಗಿದರೂ ಇದರ ಹದ ಹೋಗುವುದಿಲ್ಲ. ಹಲ್ಲಿನ ಅಂಚು ಮಾತ್ರ ಎಚ್‌ಎಸ್‌ಎಸ್ ಆಗಿ, ಬೆನ್ನು ಬೇರೆ ಉಕ್ಕಾಗಿರುವ ಬೈಮೆಟಲ್ ಬ್ಲೇಡುಗಳೂ ಇವೆ. ಅವು ನಮ್ಮ ಕೆಲಸಕ್ಕೆ ಬೇಡ.

ಎರಡನೆಯದು ಅರ. ಇದರಲ್ಲಿ ಇಂಗಾಲ ಶೇ. 1ರಿಂದ 1.3ರವರೆಗೆ ಇರುತ್ತದೆ. ತುಂಬ ಗಡುಸು, ಅಷ್ಟೇ ಪೆಡಸು. ಮೂರನೆಯದು ಕಮಾನ್ ಪಟ್ಟಿ. ಇಂಗಾಲ ಶೇ. 0.5ರಿಂದ 0.6, ಜೊತೆಗೆ ಸಿಲಿಕಾನ್ ಅಥವಾ ಕ್ರೋಮಿಯಂ. ಹಳ್ಳಿಯ ಕುಲುಮೆಯಲ್ಲಿ ಮಚ್ಚು ಮಾಡುವುದು ಇದರಲ್ಲೇ. ಅರದಷ್ಟು ಹೊತ್ತು ಬಾಯಿ ನಿಲ್ಲುವುದಿಲ್ಲ. ಆದರೆ ಏಟು ತಡೆಯುತ್ತದೆ, ಬಾಗುತ್ತದೆ, ಚೂರಾಗುವುದಿಲ್ಲ. ನಾಲ್ಕನೆಯದು ಮಶಿನ್ ಲೇತ್‌ನವರು ಸವೆಸಿ ಬಿಟ್ಟ ಟೂಲ್ ಬಿಟ್. ಮಿರಾಂಡಾ ಹೆಸರಿನ ಚೌಕದ ತುಂಡುಗಳನ್ನು ನೋಡಿರುತ್ತೀರಿ ಅಲ್ವಾ, ಅವೇ. ಅವರಿಗೆ ಚಿಕ್ಕದಾಯಿತು ಎನಿಸಿದ ಒಂದೂವರೆ ಇಂಚಿನ ತುಂಡು ನಮಗೆ ಬೇಕಾದಷ್ಟಾಯಿತು.

ಹಳೆ ಬೇರಿಂಗಿನ ಹೊರ ಉಂಗುರವೂ ಒಳ್ಳೆ ಉಕ್ಕೇ. ಆದರೆ ಅದನ್ನು ನೆಟ್ಟಗೆ ಬಡಿಯುವುದು ಅನುಭವಸ್ಥರ ಕೆಲಸ. ಮೊದಲಿಗೆ ಅದಕ್ಕೆ ಕೈ ಹಾಕಬೇಡಿ. ಇಡೀ ಬೇರಿಂಗನ್ನು ಬೆಂಕಿಗೆ ಹಾಕುವುದಂತೂ ಬೇಡವೇ ಬೇಡ, ಒಳಗೆ ಗ್ರೀಸು ಇರುತ್ತದೆ. ಶಾಕ್ ಅಬ್ಸಾರ್ಬರ್ ಸ್ಪ್ರಿಂಗ್ ಬೇಕಿದ್ದರೆ ಗ್ಯಾರೇಜಿನವರು ಬಿಚ್ಚಿಟ್ಟಿದ್ದನ್ನೇ ತನ್ನಿ. ನೀವೇ ಬಿಚ್ಚಲು ಹೋಗಬೇಡಿ. ಒತ್ತಿ ಕೂರಿಸಿದ ಸ್ಪ್ರಿಂಗ್ ಹಾರಿದರೆ ಜೀವಕ್ಕೇ ಅಪಾಯ.

"ಮನೆ ಕಟ್ಟಿ ಉಳಿದ ಟಿಎಂಟಿ ಕಂಬಿ ಆಗುತ್ತಾ?" ಅಂತ ತುಂಬ ಜನ ಕೇಳುತ್ತಾರೆ. ಆಗುವುದಿಲ್ಲ. ಅದರಲ್ಲಿ ಇಂಗಾಲ ಕಡಿಮೆ. ಎಷ್ಟು ಕಾಯಿಸಿ ಅದ್ದಿದರೂ ಉಳಿಯ ಬಾಯಿಗೆ ಬೇಕಾದ ಹದ ಹಿಡಿಯುವುದಿಲ್ಲ.

ಕಿಡಿ ನೋಡಿ ಗುರುತಿಸುವುದು

ಗುಜರಿಯಲ್ಲಿ ಸಿಕ್ಕ ತುಂಡಿಗೆ ಚೀಟಿ ಅಂಟಿಸಿರುವುದಿಲ್ಲ. ಗ್ರೈಂಡರಿಗೆ ಹಿಡಿದು ಕಿಡಿ ನೋಡಬೇಕು. ಸಂಜೆ ಹೊತ್ತು, ಅರೆಗತ್ತಲಲ್ಲಿ ನೋಡಿದರೆ ಸ್ಪಷ್ಟ.

ಮೊದಲು ಒಂದು ದೊಡ್ಡ ಮೊಳೆ ಹಿಡಿಯಿರಿ. ಉದ್ದನೆಯ ನೇರ ಗೆರೆಗಳು ಬರುತ್ತವೆ. ತುದಿಯಲ್ಲಿ ಅಲ್ಲೊಂದು ಇಲ್ಲೊಂದು ಕವಲು, ಅಷ್ಟೇ. ಆಮೇಲೆ ಅರ ಹಿಡಿಯಿರಿ. ಸುರುಸುರು ಬತ್ತಿ ಹಚ್ಚಿದ ಹಾಗೆ! ಚಕ್ರದ ಬಾಯಿಯಿಂದಲೇ ಹೂ ಬಿರಿಯಲು ಶುರುವಾಗುತ್ತದೆ, ಗೆರೆ ಗಿಡ್ಡ, ಕವಲು ಒತ್ತೊತ್ತು. ಮೂರನೆಯದಾಗಿ ಎಚ್‌ಎಸ್‌ಎಸ್ ಬ್ಲೇಡ್ ಹಿಡಿಯಿರಿ. ಮಂಕಾದ ಕೆಂಪು ಗೆರೆ, ಹೂವೇ ಇಲ್ಲ ಅನ್ನುವಷ್ಟು ಕಡಿಮೆ. ಕಮಾನ್ ಪಟ್ಟಿಯದು ಮೊಳೆಗೂ ಅರಕ್ಕೂ ನಡುವೆ.

ಈ ಮೂರು ತುಂಡುಗಳನ್ನು ತಂತಿಯಲ್ಲಿ ಕಟ್ಟಿ ಗ್ರೈಂಡರ್ ಪಕ್ಕ ತೂಗಿ ಹಾಕಿ. ಹೊಸ ತುಂಡು ಬಂದಾಗಲೆಲ್ಲ ಜೊತೆಗಿಟ್ಟು ಹೋಲಿಸಿ ನೋಡಿ. ಒಂದು ತಿಂಗಳಲ್ಲಿ ಕಣ್ಣಿಗೆ ಅಭ್ಯಾಸವಾಗುತ್ತದೆ.

ಅರದ ವಿಷಯದಲ್ಲಿ ಒಂದು ಎಚ್ಚರಿಕೆ. ಕೆಲವು ಅಗ್ಗದ ಅರಗಳು ಮೇಲ್ಪದರ ಮಾತ್ರ ಗಡುಸಾಗಿದ್ದು ಒಳಗೆ ಮೆತ್ತನೆಯ ಕಬ್ಬಿಣವಾಗಿರುತ್ತವೆ. ತುದಿಯನ್ನು ಒಂದೆರಡು ಮಿ.ಮೀ. ಒಳಗಿನವರೆಗೆ ಉಜ್ಜಿ ನೋಡಿ. ಮೊದಲು ಸುರುಸುರು ಬತ್ತಿ ಬಂದು ಆಮೇಲೆ ಮೊಳೆಯ ಕಿಡಿ ಬಂದರೆ ಅದನ್ನು ಪಕ್ಕಕ್ಕಿಡಿ.

ಗ್ರೈಂಡರ್ ಮುಂದೆ ನಿಲ್ಲುವಾಗ ಮುಖಕ್ಕೆ ಶೀಲ್ಡ್, ಮೂಗಿಗೆ ಮಾಸ್ಕ್ ಇರಲಿ. ಚಕ್ರದ ಮೇಲಿನ ಗಾರ್ಡ್ ತೆಗೆಯಬೇಡಿ. ಬಟ್ಟೆಯ ಗ್ಲೌಸ್ ಹಾಕಬೇಡಿ, ಚಕ್ರ ಅದನ್ನು ಕೈ ಸಮೇತ ಎಳೆದುಕೊಳ್ಳುತ್ತದೆ. ದುಪಟ್ಟಾ, ಸೆರಗು, ಪಂಚೆಯ ತುದಿ ಎಲ್ಲ ಕಟ್ಟಿಕೊಂಡು ನಿಲ್ಲಿ.

ಮೊದಲ ಉಳಿ: ಗರಗಸದ ಬ್ಲೇಡಿನ ಪಾರ್ಟಿಂಗ್ ಟೂಲ್

ಪಾರ್ಟಿಂಗ್ ಟೂಲ್ ಎಂದರೆ ತುಂಡರಿಸುವ ಉಳಿ. ಇದರಿಂದಲೇ ಶುರು ಮಾಡಿ ಅನ್ನಲು ಕಾರಣ ಇದೆ. ಇದಕ್ಕೆ ಬೆಂಕಿ ಬೇಡ. ಕಾರ್ಖಾನೆಯಲ್ಲಿ ಇಟ್ಟ ಹದವೇ ಸಾಕು. ಒಂದು ಮಧ್ಯಾಹ್ನದ ಕೆಲಸ.

ಬ್ಲೇಡನ್ನು ವೈಸ್‌ನಲ್ಲಿ ಬಿಗಿದು, ಆ್ಯಂಗಲ್ ಗ್ರೈಂಡರಿನ 1 ಮಿ.ಮೀ. ಕಟಿಂಗ್ ವೀಲ್‌ನಿಂದ 9 ಇಂಚಿನಷ್ಟು ಕತ್ತರಿಸಿ. ಗೆರೆ ಕೊರೆದು ಕೈಯಲ್ಲಿ ಲಟಕ್ಕನೆ ಮುರಿಯಲು ಹೋಗಬೇಡಿ, ಚೂರು ಎತ್ತ ಹಾರುತ್ತದೆ ಅಂತ ಹೇಳಲಾಗದು. ಕತ್ತರಿಸುವಾಗ ತುದಿಯಲ್ಲಿರುವ ತೂತು ಉಳಿಯುವ ಹಾಗೆ ನೋಡಿಕೊಳ್ಳಿ. ಎಚ್‌ಎಸ್‌ಎಸ್‌ಗೆ ನಾವು ಡ್ರಿಲ್ ಹಾಕುವುದು ಕಷ್ಟ. ಬ್ಲೇಡಿನ ಜೊತೆಗೇ ಬಂದ ತೂತು ಹಿಡಿಗೆ ಬೋಲ್ಟ್ ಹಾಕಲು ಕೆಲಸಕ್ಕೆ ಬರುತ್ತದೆ.

ಹಲ್ಲುಗಳನ್ನೆಲ್ಲ ಉಜ್ಜಿ ತೆಗೆಯಿರಿ. ಒಂದೂ ಉಳಿಯಬಾರದು, ಬೆರಳು ಓಡಿಸಿದರೆ ನುಣ್ಣಗಿರಬೇಕು. ಮುಂಭಾಗ 20 ಮಿ.ಮೀ. ಅಗಲಕ್ಕೆ ಇಳಿಯುವ ಹಾಗೆ ಸ್ವಲ್ಪ ಓರೆ ಕೊಡಿ. ತುದಿಯನ್ನು ಮೇಲಿನಿಂದಲೂ ಕೆಳಗಿನಿಂದಲೂ ಉಜ್ಜಿ, ಎರಡೂ ಸೇರಿ 45ರಿಂದ 50 ಡಿಗ್ರಿ ಕೋನ ಬರುವ ಹಾಗೆ ಮಾಡಿ. ಕೆಳಗಿನ ಅಂಚಿನ ಮೂಲೆಗಳನ್ನು ಸಾಣೆಕಲ್ಲಿನಲ್ಲಿ ತುಸು ದುಂಡಗೆ ಮಾಡಿ. ಇಲ್ಲದಿದ್ದರೆ ಅದು ಟೂಲ್ ರೆಸ್ಟ್ ಮೇಲೆ ಗೀರು ಹಾಕುತ್ತದೆ, ಆ ಗೀರಿಗೆ ಉಳಿದೆಲ್ಲ ಉಳಿಗಳೂ ಸಿಕ್ಕಿಕೊಳ್ಳುತ್ತವೆ.

ಹಿಡಿಗೆ ಎರಡು ಹಲಗೆ ತುಂಡು ಸಾಕು. ಮಧ್ಯೆ ಬ್ಲೇಡ್ ಕೂರುವಷ್ಟು ತೋಡಿ, ಎಪಾಕ್ಸಿ ಹಾಕಿ, ತೂತಿನ ಮೂಲಕ ಬೋಲ್ಟ್ ಬಿಗಿಯಿರಿ. ಬಳಸುವಾಗ ಬ್ಲೇಡನ್ನು ಅಂಚಿನ ಮೇಲೆ ನಿಲ್ಲಿಸಿ ಹಿಡಿಯಬೇಕು. ಅಡ್ಡ ತಿರುಚಬಾರದು. ಆಳಕ್ಕೆ ಹೋಗುವಾಗ ಪಕ್ಕದಲ್ಲಿ ಒಂದು ಎಳೆಯಷ್ಟು ಅಗಲ ಮಾಡಿಕೊಂಡು ಹೋಗಿ. ಇಲ್ಲದಿದ್ದರೆ ಬ್ಲೇಡ್ ಎರಡೂ ಕಡೆ ಉಜ್ಜಿ ಬಿಸಿಯಾಗಿ ಸಿಕ್ಕಿಕೊಳ್ಳುತ್ತದೆ.

2 ಮಿ.ಮೀ. ಮಾತ್ರ ಕತ್ತರಿಸುವ ಉಳಿ ಇದು. ಒಳ್ಳೆ ಮರ ಪುಡಿಯಾಗಿ ಹಾಳಾಗುವುದು ತಪ್ಪುತ್ತದೆ. ಸಣ್ಣ ಡಬ್ಬಿ ಮಾಡುವಾಗ ಮುಚ್ಚಳಕ್ಕೂ ಡಬ್ಬಿಗೂ ಮರದ ಗೆರೆ ಕೂಡಿಬರುವುದು ಇದರಿಂದಲೇ.

ಹಳೆ ಅರದ ಸ್ಕ್ರೇಪರ್

ನನ್ನ ಶೀಲ್ಡಿಗೆ ಬಡಿದ ತುಂಡಿನ ಕತೆ ಕೇಳಿದಿರಿ. ಅರವನ್ನು ಬಳಸಲೇಬಾರದು ಎನ್ನುವವರೂ ಇದ್ದಾರೆ. ದೊಡ್ಡ ಬಟ್ಟಲಿನ ಕೆಲಸಕ್ಕಾದರೆ ನಾನೂ ಹಾಗೇ ಹೇಳುತ್ತೇನೆ. ಬುಗುರಿ, ಹಿಡಿ, ಗಿಲಕಿಯಂಥ ಸಣ್ಣ ಕೆಲಸಕ್ಕೆ, ಹದ ಇಳಿಸಿದ ಮೇಲೆ (ಹಿತವಾಗಿ ಕಾಯಿಸಿ ಪೆಡಸು ತಗ್ಗಿಸಿದ ಮೇಲೆ), ಇದು ಒಳ್ಳೆ ಸ್ಕ್ರೇಪರ್, ಅಂದರೆ ಹೆರೆಯುವ ಉಳಿ.

10 ಅಥವಾ 12 ಇಂಚಿನ ಚಪ್ಪಟೆ ಅರ ತೆಗೆದುಕೊಳ್ಳಿ. ದಪ್ಪ 6 ಮಿ.ಮೀ.ಗಿಂತ ಕಡಿಮೆ ಬೇಡ. ಸೋಪಿನ ನೀರು, ವೈರ್ ಬ್ರಷ್ ಹಾಕಿ ಎಣ್ಣೆ ಕೊಳೆ ಎಲ್ಲ ತಿಕ್ಕಿ ತೆಗೆಯಿರಿ. ಆಮೇಲೆ ಹಲ್ಲುಗಳನ್ನು ಉಜ್ಜಿ ತೆಗೆಯಬೇಕು, ನಾಲ್ಕೂ ಬದಿ. ಇದನ್ನು ಅಂದಕ್ಕೆ ಮಾಡುವುದಲ್ಲ. ಒಂದೊಂದು ಹಲ್ಲಿನ ಬುಡವೂ ಒಂದೊಂದು ಸಣ್ಣ ಗೀರು. ಗಾಜು ಕತ್ತರಿಸುವವರು ಗೀರು ಹಾಕಿಯೇ ಮುರಿಯುತ್ತಾರಲ್ಲ, ಅರವೂ ಒತ್ತಡ ಬಿದ್ದಾಗ ಆ ಗೀರಿನಿಂದಲೇ ಬಿರಿಯುತ್ತದೆ. ಉಜ್ಜುವಾಗ ಕೈಯಲ್ಲಿ ಹಿಡಿಯಲು ಆಗದಷ್ಟು ಬಿಸಿಯಾಗುವ ಮುಂಚೆಯೇ ನೀರಿಗೆ ಅದ್ದುತ್ತಾ ಇರಿ.

ಈಗ ಹದ ಇಳಿಸುವುದು. ಮನೆಯ ಓಟಿಜಿ ಓವನ್ ಸಾಕು. 230 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಇಡಿ. ಹೊರಗೆ ತೆಗೆದು ತಾನಾಗಿ ಆರಲು ಬಿಡಿ. ಮತ್ತೆ ಒಂದು ಗಂಟೆ. ಓವನ್ನಿನ ಮುಳ್ಳು ತೋರಿಸುವ ಡಿಗ್ರಿಯನ್ನು ನಂಬಬೇಡಿ, ಹೆಚ್ಚುಕಡಿಮೆ ಇರುತ್ತದೆ. ಒಳಗಿಡುವ ಸಣ್ಣ ಥರ್ಮಾಮೀಟರ್ ಇಟ್ಟುಕೊಳ್ಳಿ. ಇನ್ನೊಂದು ಸಾಕ್ಷಿ ಅರದ ಮೈ ಬಣ್ಣ. ಎಮರಿ ಪೇಪರಿನಲ್ಲಿ ಮೊದಲೇ ಒಂದು ಬದಿ ಹೊಳೆಯುವ ಹಾಗೆ ತಿಕ್ಕಿಟ್ಟಿದ್ದರೆ, ತೆಗೆದಾಗ ಅದು ಒಣ ಭತ್ತದ ಹುಲ್ಲಿನ ಬಣ್ಣಕ್ಕೆ ಬಂದಿರುತ್ತದೆ. ಬೆಳ್ಳಗೇ ಇದ್ದರೆ ಬಿಸಿ ಸಾಲಲಿಲ್ಲ ಎಂದರ್ಥ.

ಹಿಡಿಯೊಳಗೆ ಹೋಗುವ ಚೂಪು ಬಾಲ, ಅದು ಸೇರುವ ಭುಜ, ಇವೆರಡು ಇನ್ನೂ ಮೆತ್ತಗಾಗಬೇಕು. ಬಾಯಿಯ ಕಡೆಯ ಅರ್ಧಕ್ಕೆ ಒದ್ದೆ ಬಟ್ಟೆ ಸುತ್ತಿ, ಬಾಲದ ಕಡೆ ಗ್ಯಾಸ್ ಟಾರ್ಚ್ ಹಿಡಿದು ನೀಲಿ ಬಣ್ಣ ಬರುವವರೆಗೆ ಕಾಯಿಸಿ.

ತುದಿಯನ್ನು ಅರ್ಧಚಂದ್ರದ ಹಾಗೆ ಉಜ್ಜಿ. ಬಾಯಿಯ ಕೋನ 70 ಡಿಗ್ರಿ ಇರಲಿ. 6 ಮಿ.ಮೀ. ದಪ್ಪದ ಅರವಾದರೆ ಕೆಳಗಿನ ಅಂಚು ಮೇಲಿನ ಅಂಚಿಗಿಂತ ಸುಮಾರು 2 ಮಿ.ಮೀ. ಹಿಂದೆ ಇರಬೇಕು, ಅಷ್ಟೇ ಲೆಕ್ಕ. ಟೂಲ್ ರೆಸ್ಟ್ ಅನ್ನು ಮರಕ್ಕೆ ಐದಾರು ಮಿ.ಮೀ. ಹತ್ತಿರ ತನ್ನಿ. ಹಿಡಿ ಸ್ವಲ್ಪ ಮೇಲೆ, ಬಾಯಿ ಸ್ವಲ್ಪ ಕೆಳಗೆ. ರೆಸ್ಟ್ ದಾಟಿ ಒಂದು ಇಂಚಿಗಿಂತ ಜಾಸ್ತಿ ಚಾಚಬೇಡಿ.

ಕಮಾನ್ ಪಟ್ಟಿಯ ಓರೆ ಉಳಿ

ಓರೆ ಉಳಿ ಎಂದರೆ ಬಾಯಿ ಓರೆಯಾಗಿರುವ, ನಯ ಮಾಡುವ ಉಳಿ. ನನಗೆ ತುಂಬ ಇಷ್ಟವಾದ ಕೆಲಸ ಇದು. ಇಲ್ಲಿ ಬೆಂಕಿ ಬೇಕು.

ಲಾರಿಯ ಪಟ್ಟಿ ತುಂಬ ದಪ್ಪ. ಜೀಪು, ಪಿಕಪ್ ಗಾಡಿಯದು 6ರಿಂದ 8 ಮಿ.ಮೀ. ಇರುತ್ತದೆ, ಅದು ಸರಿ. ನಡುವಿನ ಬೋಲ್ಟ್ ತೂತಿನ ಹತ್ತಿರದ ಭಾಗ ಬಿಡಿ. ಪಟ್ಟಿ ಸಾಮಾನ್ಯವಾಗಿ ಮುರಿಯುವುದು ಅಲ್ಲೇ, ಕಣ್ಣಿಗೆ ಕಾಣದ ಬಿರುಕು ಇರುತ್ತದೆ. ತುದಿಯ ಕಡೆಯಿಂದ 25 ಮಿ.ಮೀ. ಅಗಲ, 11 ಇಂಚು ಉದ್ದ ಕತ್ತರಿಸಿಕೊಳ್ಳಿ. ತುಕ್ಕು ಉಜ್ಜಿ, ಬೆಳಕಿಗೆ ಹಿಡಿದು ಕೂದಲೆಳೆ ಬಿರುಕು ಇದೆಯೇ ನೋಡಿ.

ಮನೆಯಲ್ಲಿ ಕುಲುಮೆ ಇಲ್ಲದವರು ಊರಿನ ಕುಲುಮೆಗೇ ಹೋಗಿ. ನಾನು ಮೊದಲ ಸಲ ಹೋದಾಗ ನಮ್ಮೂರ ಆಚಾರ್ರು ಪಟ್ಟಿಯನ್ನು ಕೈಗೆ ತೆಗೆದುಕೊಂಡು, ಅಡಿಗಲ್ಲಿನ ಮೇಲೆ ಒಮ್ಮೆ ಟಣ್ ಅನ್ನಿಸಿದರು.

"ಜೀಪಿಂದಾ?" ಅಂದರು.

"ಹೌದು ಆಚಾರ್ರೇ."

"ಮಚ್ಚು ಮಾಡ್ಸಕ್ಕಾ?"

"ಅಲ್ಲ, ಲೇತ್ ಉಳಿ. ಮರ ಕಡೆಯೋಕೆ."

"ಹಂಗಾದ್ರೆ ಬಾಯಿ ಗಟ್ಟಿ ಇರ್ಬೇಕು, ಬೆನ್ನು ಮೆತ್ತಗಿರ್ಬೇಕು. ಕೂತ್ಕೊ."

ಒಂದೇ ಮಾತಲ್ಲಿ ಅವರು ಎಲ್ಲ ಹೇಳಿದ್ದರು. ಮುಂಭಾಗದ ಎರಡೂವರೆ ಇಂಚಿಗೆ ಮಾತ್ರ ಗಡುಸು ಹದ ಬೇಕು. ಹಿಂದಿನದೆಲ್ಲ ಹಾಗೇ ಜಿಗುಟಾಗಿ ಉಳಿಯಬೇಕು. ಆಗ ಉಳಿ ಮುರಿಯುವ ಭಯ ಇರುವುದಿಲ್ಲ.

ಮೊದಲು ಪಟ್ಟಿಯ ಡೊಂಕು ತೆಗೆಯುವುದು. ಕಿತ್ತಳೆ ಬಣ್ಣಕ್ಕೆ ಕಾಯಿಸಿ ಬಡಿದು ನೆಟ್ಟಗೆ ಮಾಡಿ, ಹಿಡಿಯೊಳಗೆ ಹೋಗುವ ಬಾಲವನ್ನೂ ಆಗಲೇ ಎಳೆದುಕೊಳ್ಳಬೇಕು. ಬಾಲ ಮೂರೂವರೆ ಇಂಚಾದರೂ ಇರಲಿ. ಬಾಲ ಸೇರುವ ಜಾಗದಲ್ಲಿ ಚೂಪು ಮೂಲೆ ಬೇಡ, ದುಂಡಗೆ ಇಳಿಯಲಿ. ಮೂಲೆ ಇದ್ದರೆ ಬಿರುಕು ಅಲ್ಲಿಂದಲೇ ಹೊರಡುತ್ತದೆ. ಬಡಿದು ಮುಗಿದ ಮೇಲೆ ಕೆಂಪಗೆ ಕಾಯಿಸಿ ಒಣ ಬೂದಿಯಲ್ಲಿ ಹೂತು ರಾತ್ರಿಯಿಡೀ ಬಿಡಿ. ಬೆಳಗ್ಗೆ ತೆಗೆದರೆ ಪಟ್ಟಿ ಮೆತ್ತಗಾಗಿ, ಅರಕ್ಕೆ ಸಲೀಸಾಗಿ ಬಗ್ಗುತ್ತದೆ.

ಈಗ ಆಕಾರ. ತುದಿಯನ್ನು 70 ಡಿಗ್ರಿ ಓರೆಗೆ ಕತ್ತರಿಸಿ. ಎರಡೂ ಮುಖದಿಂದ ಸಮನಾಗಿ ಇಳಿಜಾರು ಕೊಡಿ. ಇಳಿಜಾರಿನ ಉದ್ದ ಪಟ್ಟಿಯ ದಪ್ಪದ ಒಂದೂವರೆ ಪಟ್ಟು ಇರಲಿ. 8 ಮಿ.ಮೀ. ದಪ್ಪಕ್ಕೆ 12 ಮಿ.ಮೀ. ಆಗ ಒಟ್ಟು ಕೋನ 37 ಡಿಗ್ರಿಯ ಹತ್ತಿರ ಬರುತ್ತದೆ. ಆದರೆ ಈಗಲೇ ಚೂಪು ಮಾಡಬೇಡಿ. ಬಾಯಿಯಲ್ಲಿ 1 ಮಿ.ಮೀ. ದಪ್ಪ ಬಿಡಿ. ತೆಳು ಬಾಯಿ ಬೆಂಕಿಯಲ್ಲಿ ಸುಟ್ಟು ಇಂಗಾಲ ಕಳೆದುಕೊಳ್ಳುತ್ತದೆ, ಎಣ್ಣೆಗೆ ಅದ್ದಿದಾಗ ಸೊಟ್ಟಗಾಗುತ್ತದೆ.

ಎಣ್ಣೆಗೆ ನಾಲ್ಕೈದು ಲೀಟರ್ ಹಿಡಿಯುವ ಆಳದ ತಗಡಿನ ಡಬ್ಬ ಬೇಕು. ಪ್ಲಾಸ್ಟಿಕ್ ಬೇಡ. ಕಡಲೆಕಾಯಿ ಎಣ್ಣೆ, ಹೊಂಗೆ ಎಣ್ಣೆ ಎರಡೂ ಆಗುತ್ತವೆ. ಗಾಡಿಯಿಂದ ಇಳಿಸಿದ ಎಂಜಿನ್ ಆಯಿಲ್ ಬೇಡ, ಅದರ ಹೊಗೆ ಕೆಟ್ಟದ್ದು. ಎಣ್ಣೆಯನ್ನು 50-60 ಡಿಗ್ರಿಗೆ ಬೆಚ್ಚಗೆ ಮಾಡಿಕೊಳ್ಳಿ. ತಣ್ಣಗಿನ ಎಣ್ಣೆ ಗಟ್ಟಿ ಇರುತ್ತದೆ, ಉಕ್ಕಿನ ಬಿಸಿಯನ್ನು ಬೇಗ ಎಳೆಯುವುದಿಲ್ಲ. ಡಬ್ಬಕ್ಕೆ ಸರಿಯಾಗಿ ಕೂರುವ ತಗಡಿನ ಮುಚ್ಚಳ ಪಕ್ಕದಲ್ಲೇ ಇರಲಿ. ಎಣ್ಣೆಗೆ ಬೆಂಕಿ ಹತ್ತಿದರೆ ಮುಚ್ಚಳ ಹಾಕಿ, ನೀರು ಮಾತ್ರ ಹಾಕಬೇಡಿ. ಇದೆಲ್ಲ ಹೊರಗೆ, ಬಯಲಲ್ಲಿ ಮಾಡುವ ಕೆಲಸ.

ಎಷ್ಟು ಕಾಯಿಸಬೇಕು? ಬಣ್ಣ ನೋಡಬೇಕು, ಅದೂ ನೆರಳಿನಲ್ಲಿ. ಬಿಸಿಲಲ್ಲಿ ನೋಡಿದರೆ ಕಣ್ಣು ಮೋಸ ಹೋಗಿ ಜಾಸ್ತಿ ಕಾಯಿಸಿಬಿಡುತ್ತೀರಿ. ಹಣ್ಣಾದ ಕಾಫಿಯ ಕೆಂಪು ಬಂದಾಗ ತಂತಿಗೆ ಕಟ್ಟಿದ ಅಯಸ್ಕಾಂತ ತೋರಿಸಿ. ಸುಮಾರು 770 ಡಿಗ್ರಿಗೆ ಕಬ್ಬಿಣ ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಅಲ್ಲಿಂದ ಇನ್ನೂ ಒಂದು ಮೆಟ್ಟಿಲು ಮೇಲೆ ಹೋಗಬೇಕು. ಅದಕ್ಕೆ ಅಡುಗೆ ಉಪ್ಪು ಸಹಾಯಕ್ಕೆ ಬರುತ್ತದೆ. ನಾಲ್ಕು ಹರಳು ಉದುರಿಸಿ. ಉಪ್ಪು ಕರಗುವುದು 801 ಡಿಗ್ರಿಗೆ. ಹರಳು ಬೆವರಿನ ಹನಿಯ ಹಾಗೆ ಕರಗಿ ಹರಡಿತು ಎಂದರೆ ಆ ಬಿಸಿ ದಾಟಿದ್ದೀರಿ. ಕಮಾನ್ ಪಟ್ಟಿಗೆ ಅದಕ್ಕಿಂತ ತುಸು ಹೊಳಪು ಜಾಸ್ತಿ ಬೇಕು. ಆ ಬಣ್ಣದಲ್ಲೇ ಒಂದೆರಡು ನಿಮಿಷ ನಿಲ್ಲಿಸಿ, ಒಳಗಿನ ತನಕ ಬಿಸಿ ಇಳಿಯಲಿ.

ನಾನು ಇಕ್ಕಳಕ್ಕೆ ಕೈ ಹಾಕಿದಾಗ ಆಚಾರ್ರು ತಡೆದರು. "ಅವಸರ ಮಾಡ್ಬೇಡ ಮಗ, ಮೂಲೆ ಇನ್ನೂ ಕಪ್ಪಿದೆ ನೋಡು" ಅಂದರು. ನಿಜ, ಓರೆಯ ಹಿಂಬದಿಯ ಮೂಲೆ ಒಂದಿಷ್ಟು ಮಂಕಾಗಿತ್ತು. ಇದ್ದಿಲನ್ನು ಆ ಕಡೆ ತಳ್ಳಿ, ಬ್ಲೋವರ್ ಸಣ್ಣಗೆ ಮಾಡಿ, ಮತ್ತೆ ಕಾದರು. ಬಾಯಿಯ ಉದ್ದಕ್ಕೂ ಒಂದೇ ಬಣ್ಣ ಬಂದಾಗ ತೆಗೆದು ಎಣ್ಣೆಗೆ ನೇರ ಇಳಿಸಿದರು. ಎರಡೂವರೆ ಇಂಚು ಮಾತ್ರ. ಹಿಂದೆ ಮುಂದೆ ಆಡಿಸಿದರು, ಪಕ್ಕಕ್ಕೆ ಆಡಿಸಲಿಲ್ಲ. ಪಕ್ಕಕ್ಕೆ ಆಡಿಸಿದರೆ ಒಂದು ಮುಖ ಬೇಗ ತಣಿದು ಉಳಿ ಬಾಗುತ್ತದೆ.

ಆಮೇಲಿನ ಅರ್ಧ ನಿಮಿಷ ನೋಡಲು ಎರಡು ಕಣ್ಣು ಸಾಲದು. ತುದಿ ತಣಿದಿದೆ, ಹಿಂಬದಿ ಇನ್ನೂ ಬಿಸಿ. ಚಿಂದಿಯಲ್ಲಿ ಎಣ್ಣೆ ಒರೆಸಿ, ಒಡೆದ ಸಾಣೆಕಲ್ಲಿನ ಚೂರಿನಿಂದ ಇಳಿಜಾರನ್ನು ಬರಬರ ತಿಕ್ಕಿ ಬೆಳ್ಳಗೆ ಮಾಡಿದರು. ಹಿಂದಿನ ಬಿಸಿ ನಿಧಾನವಾಗಿ ತುದಿಗೆ ನಡೆದು ಬಂತು. ಅದರ ಜೊತೆ ಬಣ್ಣಗಳೂ ಬಂದವು. ಎಲ್ಲಕ್ಕಿಂತ ಮುಂದೆ ಹುಲ್ಲಿನ ಹಳದಿ. ಅದರ ಹಿಂದೆ ಬೆಲ್ಲದ ಕಂದು. ಅದರ ಹಿಂದೆ ನೇರಳೆ. ಕೊನೆಗೆ ನವಿಲಿನ ಕತ್ತಿನ ನೀಲಿ. ಹಳದಿ ಬಾಯಿಗೆ ಬಂದು ಮುಟ್ಟಿದ ಕ್ಷಣ ಇಡೀ ಉಳಿಯನ್ನು ಎಣ್ಣೆಗೆ ಬಿಟ್ಟರು.

ಹುಲ್ಲಿನ ಹಳದಿ ಎಂದರೆ 205ರಿಂದ 230 ಡಿಗ್ರಿ, ಕಂದು ಎಂದರೆ 255ರ ಹತ್ತಿರ, ನೀಲಿ ಎಂದರೆ 290 ದಾಟಿದ ಹಾಗೆ. ಮರ ಕಡೆಯುವ ಉಳಿಗೆ ಹಳದಿ ಸರಿ. ಬಾಯಿ ನೀಲಿಗೆ ಹೋಗಿಬಿಟ್ಟರೆ ಮೆತ್ತಗಾಯಿತು, ಮತ್ತೆ ಮೊದಲಿನಿಂದ ಕಾಯಿಸಬೇಕು.

ಈ ಕೈಚಳಕ ಬರದವರು ಬೇರೆ ದಾರಿ ಹಿಡಿಯಿರಿ. ಎಣ್ಣೆಗೆ ಅದ್ದಿ ಪೂರ್ತಿ ತಣಿಸಿ, ಹಳೆ ಅರದಿಂದ ಬಾಯಿ ಉಜ್ಜಿ ನೋಡಿ. ಅರ ಕಚ್ಚದೆ ಗಾಜಿನ ಮೇಲೆ ಜಾರಿದ ಹಾಗೆ ಜಾರಿದರೆ ಗಡುಸಾಗಿದೆ. ಕಚ್ಚಿದರೆ ಬಿಸಿ ಸಾಲಲಿಲ್ಲ. ಗಡುಸಾದ ಉಳಿಯನ್ನು ಅದೇ ದಿನ ಓವನ್ನಿಗೆ ಹಾಕಿ, 210 ಡಿಗ್ರಿಗೆ ಒಂದು ಗಂಟೆಯಂತೆ ಎರಡು ಸಲ. ನಾಳೆ ಮಾಡೋಣ ಅಂತ ಇಡಬೇಡಿ. ಹದ ಇಳಿಸದ ಉಕ್ಕಿನೊಳಗೆ ಬಿಗಿತ ತುಂಬಿರುತ್ತದೆ, ಸುಮ್ನೆ ಮೇಜಿನ ಮೇಲೆ ಇಟ್ಟಾಗಲೇ ಬಿರಿಯುವುದುಂಟು.

ಒಳಗೆ ತೋಡಲು

16 ಮಿ.ಮೀ. ಎಂಎಸ್ (ಮೈಲ್ಡ್ ಸ್ಟೀಲ್, ಮೆತ್ತನೆಯ ಉಕ್ಕು) ಚೌಕ ಸರಳಿನ ತುದಿಗೆ 9 ಮಿ.ಮೀ. ತೂತು ಹಾಕಿ. ಕಾಲು ಇಂಚಿನ ಟೂಲ್ ಬಿಟ್‌ನ ಮೂಲೆಯಿಂದ ಮೂಲೆಗೆ ಅಷ್ಟೇ ಅಳತೆ. ಪಕ್ಕದಿಂದ 4.2 ಮಿ.ಮೀ. ತೂತು ಕೊರೆದು ಎಂ5 ಟ್ಯಾಪ್‌ನಿಂದ ಒಳಗೆ ಮರೆ (ಥ್ರೆಡ್) ಹಾಕಿ, ತಲೆ ಇಲ್ಲದ ಗ್ರಬ್ ಸ್ಕ್ರೂನಿಂದ ಬಿಟ್ ಬಿಗಿಯಿರಿ. ಬಿಟ್ ಹೊರಗೆ 10 ಮಿ.ಮೀ. ಮಾತ್ರ ಚಾಚಲಿ, ತುದಿ ದುಂಡಗಿರಲಿ. ಇದಕ್ಕೂ ಬೆಂಕಿ ಬೇಡ. ಬಿಟ್ ಸವೆದರೆ ಇನ್ನೊಂದು ಹಾಕಿದರಾಯಿತು.

ಬಟ್ಟಲು ಕಡೆಯುವ ಆಳ ಗೌಜ್ ಮಾತ್ರ ಗುಜರಿಯಿಂದ ಮಾಡಲು ಹೋಗಬೇಡಿ. ಅದರ ನಡುವಿನ ಕಾಲುವೆ ಒಂದೇ ಸಮ ಕೊರೆದಿರಬೇಕು, ಅದಕ್ಕೆ ಮಿಲ್ಲಿಂಗ್ ಮಶಿನ್ ಬೇಕು. ದುಡ್ಡು ಕೂಡಿಟ್ಟು ಒಳ್ಳೆಯದೊಂದನ್ನು ಕೊಳ್ಳಿ.

ಹಿಡಿ

ಹುಣಸೆ, ಜಾಲಿ, ಬೇವು ಯಾವುದಾದರೂ ಒಣಗಿದ ಗಟ್ಟಿ ಮರ. ಉದ್ದ 12 ಇಂಚು. ಗೆರೆ ಉದ್ದಕ್ಕೆ ನೇರ ಇರಬೇಕು, ಗಂಟು ಇರಬಾರದು. ಮುಂಭಾಗಕ್ಕೆ ಲೋಹದ ಬಳೆ ಹಾಕಲೇಬೇಕು, ಇಲ್ಲದಿದ್ದರೆ ಬಾಲ ಮರವನ್ನು ಸೀಳುತ್ತದೆ. ಎಸಿ ರಿಪೇರಿಯವರ ಹತ್ತಿರ ಸಿಗುವ ತಾಮ್ರದ ಪೈಪಿನ ತುಂಡು ಚೆನ್ನಾಗಿ ಹೊಂದುತ್ತದೆ.

ಬಾಲ ತುದಿಗೆ ಹೋದಂತೆ ಸಣ್ಣಗಾಗುವುದರಿಂದ ತೂತನ್ನೂ ಎರಡು ಅಳತೆಯಲ್ಲಿ ಹಾಕಿ. ಒಳಗೆ ಸಣ್ಣದು, ಬಾಯಲ್ಲಿ ದೊಡ್ಡದು. ಹಿಂದೆ ಅರಗು ಕರಗಿಸಿ ಸುರಿದು ಕೂರಿಸುತ್ತಿದ್ದರು. ಈಗ ಅರಾಲ್ಡೈಟ್ ಸಾಕು. ಬಾಲ ನೆಟ್ಟಗೆ ಕೂತಿದೆಯೇ ಅಂತ ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿ, ಅಂಟು ಗಟ್ಟಿಯಾಗುವ ಮುಂಚೆ ಸರಿ ಮಾಡಿ. ಮೇಲೆ ವಾರ್ನಿಷ್ ಬೇಡ, ಬೆವರಿದ ಕೈ ಜಾರುತ್ತದೆ. ಅಗಸೆ ಎಣ್ಣೆ ಎರಡು ಸಲ ಒರೆಸಿ.

ಸಾಣೆ

ಬಿಳಿ ಅಲ್ಯೂಮಿನಿಯಂ ಆಕ್ಸೈಡ್ ಚಕ್ರ, 80 ಗ್ರಿಟ್ ಇದ್ದರೆ ಎಲ್ಲ ಉಳಿಗೂ ನಡೆಯುತ್ತದೆ. ಬಾಯಿಗೆ ಮಾರ್ಕರ್ ಪೆನ್ನಿನಲ್ಲಿ ಬಣ್ಣ ಬಳಿದು ಚಕ್ರಕ್ಕೆ ಮೆಲ್ಲಗೆ ಮುಟ್ಟಿಸಿ. ಬಣ್ಣ ಎಲ್ಲಿ ಅಳಿಸಿತು ಅಂತ ನೋಡಿದರೆ ಕೋನ ಸರಿ ಇದೆಯೋ ಇಲ್ಲವೋ ತಿಳಿಯುತ್ತದೆ. ಓರೆ ಉಳಿಗೆ ಮಾತ್ರ ಗ್ರೈಂಡರ್ ಆದ ಮೇಲೆ ಎಣ್ಣೆಕಲ್ಲಿನಲ್ಲಿ ನಯ ಮಾಡಿ. ಸ್ಕ್ರೇಪರಿಗೆ ಚಕ್ರ ಬಿಟ್ಟ ಸಣ್ಣ ಸಿಬಿರೇ ಕೆಲಸ ಮಾಡುವುದು, ಅದನ್ನು ಉಜ್ಜಿ ತೆಗೆಯಬೇಡಿ.

ಅರ, ಕಮಾನ್ ಪಟ್ಟಿಯ ಉಳಿಗಳನ್ನು ಸಾಣೆ ಹಿಡಿಯುವಾಗ ಪಕ್ಕದಲ್ಲಿ ನೀರಿನ ಡಬ್ಬ ಇರಲಿ. ಎರಡು ಸೆಕೆಂಡಿಗೊಮ್ಮೆ ಅದ್ದಿ. ಬಾಯಿ ಒಮ್ಮೆ ನೀಲಿಯಾದರೆ ಅಷ್ಟು ಭಾಗದ ಹದ ಹೋಯಿತು, ಅದನ್ನು ದಾಟುವವರೆಗೆ ಉಜ್ಜಿ ತೆಗೆಯಬೇಕು. ಎಚ್‌ಎಸ್‌ಎಸ್‌ಗೆ ಉಲ್ಟಾ. ಅದು ಬಿಸಿಯಾದರೆ ಆಗಲಿ, ನೀರಿಗೆ ಅದ್ದಬೇಡಿ. ಥಟ್ಟನೆ ತಣಿಸಿದರೆ ಬಾಯಿಯಲ್ಲಿ ಸಣ್ಣ ಬಿರುಕು ಬೀಳುತ್ತದೆ.

ಎಲ್ಲಕ್ಕೂ ಒಂದೇ ಥರದ ಹಿಡಿ ಹಾಕಿದ್ದರೆ ಆರು ತಿಂಗಳಾದ ಮೇಲೆ ಯಾವುದು ಯಾವ ಉಕ್ಕು ಅಂತ ನೆನಪಿರುವುದಿಲ್ಲ. ಹಿಡಿ ಕೂರಿಸಿದ ದಿನವೇ ಅದರ ಹಿಂದುಗಡೆ ಕಾದ ಮೊಳೆಯಿಂದ ಒಂದು ಅಕ್ಷರ ಸುಟ್ಟು ಬರೆಯಿರಿ. ಅರಕ್ಕೆ 'ಅ', ಕಮಾನಿಗೆ 'ಕ', ಎಚ್‌ಎಸ್‌ಎಸ್‌ಗೆ 'ಎ'. ನನ್ನ ಗ್ರೈಂಡರ್ ಪಕ್ಕದ ನೀರಿನ ಡಬ್ಬದ ಮೇಲೂ ಬರೆದಿದೆ: 'ಅ, ಕ ಮಾತ್ರ.'